ಒಂದೇ ಕಾರು, ಎರಡು ಟರ್ಬೊ: ಆಯಿಲ್ ಆಯ್ಕೆಯಲ್ಲಿ ಎಡವಿದ ಒಂದು ಪ್ರಕರಣ

ಈ ಕಾರಿಗೆ ಒಂದೇ ವರ್ಷದಲ್ಲಿ ಎರಡು ಸಲ ಟರ್ಬೊ ರಿಪೇರಿ ಆಯಿತು. ಟರ್ಬೊ ಅಂದರೆ ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಜಾಸ್ತಿ ಗಾಳಿ ತಳ್ಳುವ ಸಾಧನ. ಮೊದಲನೇ ಸಲ ಲಕ್ಷದ ಹತ್ತಿರ ಖರ್ಚು ಮಾಡಿ ಹೊಚ್ಚ ಹೊಸ ಟರ್ಬೊ ಹಾಕಿಸಿದ್ದರು. ಅದು ಎರಡು ಸಾವಿರ ಕಿ.ಮೀ. ದಾಟುವಷ್ಟರಲ್ಲಿ ಮತ್ತೆ ಕೂಗಲು ಶುರು ಮಾಡಿತು. ಆಮೇಲೆ ಕಾರು ನಮ್ಮ ವರ್ಕ್‌ಶಾಪಿಗೆ ಬಂತು. ಟರ್ಬೊ ಇರುವ ಪೆಟ್ರೋಲ್ ಕಾರುಗಳು ಈಗ ಸಣ್ಣ ಊರುಗಳಲ್ಲೂ ಸಾಕಷ್ಟಿವೆ. ಇದೇ ಕಥೆ ಬೇರೆಯವರ ಮನೆಯಲ್ಲೂ ನಡೆಯಬಹುದು ಅಂತ ವಿವರವಾಗಿ ಬರೆಯುತ್ತಿದ್ದೇನೆ. ಮಾಲೀಕರ ಒಪ್ಪಿಗೆ ಪಡೆದಿದ್ದೇನೆ. ಅವರ ಹೆಸರು, ಕಾರಿನ ಕಂಪನಿ, ಮೊದಲು ಕೆಲಸ ಮಾಡಿದ ಗ್ಯಾರೇಜಿನ ಗುರುತು ಯಾವುದನ್ನೂ ಹೇಳುವುದಿಲ್ಲ.

ಕಾರಿನ ದಿನಚರಿ

2020ರ ಬಿಎಸ್6 ಪೆಟ್ರೋಲ್ ಕಾರು. ಒಂದು ಲೀಟರಿನ, ಮೂರು ಸಿಲಿಂಡರಿನ ಎಂಜಿನ್. ಡೈರೆಕ್ಟ್ ಇಂಜೆಕ್ಷನ್, ಜೊತೆಗೆ ಟರ್ಬೊ. ಮ್ಯಾನುಯಲ್ ಗೇರ್.

ಮಾಲೀಕರು ಹಾಸನ ಜಿಲ್ಲೆಯ ಒಂದು ಪಟ್ಟಣದಲ್ಲಿ ಕಾಲೇಜು ಅಧ್ಯಾಪಕಿ. ಮನೆಯಿಂದ ಕಾಲೇಜಿಗೆ ನಾಲ್ಕು ಕಿ.ಮೀ. ಬೆಳಿಗ್ಗೆ ಹೋಗುವುದು, ಸಂಜೆ ಬರುವುದು. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಕಾರು ನಿಲ್ಲುತ್ತಿತ್ತು. ತಿಂಗಳಿಗೆ ಒಂದೆರಡು ಸಲ ಮಂಗಳೂರಿನ ತವರಿಗೆ ಪ್ರಯಾಣ. ವಾಪಸ್ ಬರುವಾಗ ಗುಂಡ್ಯದಿಂದ ಶಿರಾಡಿ ಘಾಟಿ ಹತ್ತಬೇಕು. ಮೈಲೇಜ್ ಬರಲಿ ಅಂತ ಆದಷ್ಟು ದೊಡ್ಡ ಗೇರಿನಲ್ಲೇ ಹತ್ತಿಸುವ ಅಭ್ಯಾಸ. ಘಾಟಿ ಮುಗಿದ ಕೂಡಲೇ ಸಕಲೇಶಪುರದ ಕಡೆ ಕಾಫಿಗೆ ನಿಲ್ಲಿಸಿ, ಕೀ ತಿರುಗಿಸಿ ಇಳಿಯುವುದು.

ಈ ಎರಡೂ ಬಗೆಯ ಓಡಾಟ ಆಯಿಲ್‌ಗೆ ಭಾರ, ಆದರೆ ಬೇರೆ ಬೇರೆ ರೀತಿಯಲ್ಲಿ. ತಣ್ಣಗಿನ ಎಂಜಿನ್ನಿಗೆ ಪೆಟ್ರೋಲ್ ಜಾಸ್ತಿ ಬೇಕು. ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ಅದು ನೇರವಾಗಿ ಸಿಲಿಂಡರಿನೊಳಕ್ಕೆ ಬೀಳುತ್ತದೆ. ಅದರಲ್ಲಿ ಸ್ವಲ್ಪ ಗೋಡೆಗೆ ತಾಗಿ, ಪಿಸ್ಟನ್ ರಿಂಗ್ ದಾಟಿ ಕೆಳಗೆ ಆಯಿಲ್ ನಿಲ್ಲುವ ಸಂಪ್‌ಗೆ ಇಳಿದು ಆಯಿಲ್ ಜೊತೆ ಸೇರುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾಗಿ ಓಡಿದರೆ ಆ ಪೆಟ್ರೋಲ್ ಆವಿಯಾಗಿ ಹೋಗುತ್ತದೆ. ನಾಲ್ಕು ಕಿ.ಮೀ.ಗೆ ನಿಂತುಬಿಟ್ಟರೆ ಅಲ್ಲೇ ಉಳಿಯುತ್ತದೆ. ಘಾಟಿಯಲ್ಲಿ ಇದರ ತದ್ವಿರುದ್ಧ. ಪೆಟ್ರೋಲ್ ಎಂಜಿನ್ನಿನ ಟರ್ಬೊಗೆ ಬಡಿಯುವ ಹೊಗೆಯ ಬಿಸಿ 900 ಡಿಗ್ರಿ ಮುಟ್ಟುತ್ತದೆ. ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕಿಂತ ಹೆಚ್ಚು ಸುತ್ತು ತಿರುಗುತ್ತದೆ. ಅದು ತೇಲುವುದು ತೆಳುವಾದ ಒಂದು ಪದರ ಆಯಿಲ್ ಮೇಲೆ. ಆ ಪದರ ಒಂದು ಕ್ಷಣ ಹರಿದರೂ ಲೋಹಕ್ಕೆ ಲೋಹ ತಾಗುತ್ತದೆ.

ಮೊದಲ ಮೂರು ವರ್ಷ ಕಂಪನಿ ಸರ್ವಿಸ್ ಸೆಂಟರಿನಲ್ಲೇ ಸರ್ವಿಸ್ ಆಗಿತ್ತು, ಹೊತ್ತಿಗೆ ಸರಿಯಾಗಿ. ವಾರಂಟಿ ಮುಗಿದ ಮೇಲೆ ಊರಿನ ಒಂದು ಗ್ಯಾರೇಜಿಗೆ ಕೊಡಲು ಶುರು ಮಾಡಿದರು. ಆ ಗ್ಯಾರೇಜಿನವರು ಕೆಲಸಗಾರರೇ. ಹಳೆಯ ಕಾರುಗಳ ಎಂಜಿನ್ ಬಿಚ್ಚಿ ಕಟ್ಟುವುದರಲ್ಲಿ ಒಳ್ಳೆಯ ಕೈ. ಟರ್ಬೊ ಪೆಟ್ರೋಲ್ ಅವರಿಗೆ ಹೊಸದು, ಅಷ್ಟೇ.

‘ಆಯಿಲ್ ಗಟ್ಟಿ ಇದ್ರೆ ಎಂಜಿನ್ ಗಟ್ಟಿ’

ಅಲ್ಲಿ ಎರಡು ಬದಲಾವಣೆ ಆಯಿತು. ಎರಡೂ ಸಣ್ಣದಾಗಿ ಕಂಡವು.

ಒಂದು, ಆಯಿಲ್. ಕಾರಿನ ಕೈಪಿಡಿಯಲ್ಲಿ ಇದ್ದದ್ದು 5ಡಬ್ಲ್ಯೂ-30 ಫುಲ್ ಸಿಂಥೆಟಿಕ್, ಎಪಿಐ ಎಸ್ಎನ್ ಪ್ಲಸ್ ಅಥವಾ ಎಸ್‌ಪಿ ದರ್ಜೆ. 5ಡಬ್ಲ್ಯೂ ಅಂದರೆ ಚಳಿಯಲ್ಲಿ ಹರಿಯುವ ಮಟ್ಟ, 30 ಅಂದರೆ ಬಿಸಿಯಲ್ಲಿ ಉಳಿಯುವ ಗಟ್ಟಿತನ. ಎಪಿಐ ಅನ್ನುವುದು ಆಯಿಲ್ ದರ್ಜೆ ಗೊತ್ತುಮಾಡುವ ಅಮೆರಿಕದ ಸಂಸ್ಥೆ. ಗ್ಯಾರೇಜಿನವರು ಹಾಕಿದ್ದು ಡ್ರಮ್ಮಿನಿಂದ ತೆಗೆದ 15ಡಬ್ಲ್ಯೂ-40, ಸಿಐ-4 ಅನ್ನುವ ಡೀಸೆಲ್ ದರ್ಜೆ. ಇದು ನಕಲಿ ಮಾಲಲ್ಲ, ಕಳಪೆಯೂ ಅಲ್ಲ. ಲಾರಿ, ಟ್ರ್ಯಾಕ್ಟರ್, ಹಳೆಯ ಡೀಸೆಲ್ ಜೀಪುಗಳಿಗೆ ಒಳ್ಳೆಯ ಆಯಿಲ್. “ಮೇಡಂ, ನಮ್ಮ ಸೆಕೆಗೆ ಆ ನೀರಿನಂಥ ಆಯಿಲ್ ಆಗಲ್ಲ. ಆಯಿಲ್ ಗಟ್ಟಿ ಇದ್ರೆ ಎಂಜಿನ್ ಗಟ್ಟಿ” ಅಂದಿದ್ದರಂತೆ. ಬೆಲೆಯೂ ಅರ್ಧಕ್ಕಿಂತ ಕಡಿಮೆ. ಯಾರಾದರೂ ಒಪ್ಪಿಕೊಳ್ಳುತ್ತಾರೆ, ಅಲ್ವಾ?

ಇನ್ನೊಂದು, ಅವಧಿ. ಕೈಪಿಡಿ ಹೇಳುವುದು 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಇವರ ಓಡಾಟ ವರ್ಷಕ್ಕೆ ಆರೇಳು ಸಾವಿರ. ‘ಇನ್ನೂ ಹತ್ತು ಸಾವಿರ ಆಗಿಲ್ವಲ್ಲ’ ಅಂತ ಒಂದೇ ಆಯಿಲ್ ಒಂದೂವರೆ ವರ್ಷ ಓಡಿತು. ಕೈಪಿಡಿಯ ಹಿಂದಿನ ಪುಟಗಳಲ್ಲಿ ‘ಕಠಿಣ ಬಳಕೆ’ ಅಂತ ಒಂದು ಪಟ್ಟಿ ಇರುತ್ತದೆ. ಪದೇ ಪದೇ ಸಣ್ಣ ದೂರ, ಗುಡ್ಡದ ರಸ್ತೆ, ಧೂಳು, ಟ್ರಾಫಿಕ್ಕಿನಲ್ಲಿ ತುಂಬಾ ಹೊತ್ತು ಐಡಲ್ ನಿಲ್ಲುವುದು, ಇಂಥವಿದ್ದರೆ ಆಯಿಲ್ ಬೇಗ ಬದಲಿಸಿ ಅನ್ನುತ್ತದೆ. ನಮ್ಮಲ್ಲಿ ಬಹುಪಾಲು ಕಾರುಗಳು ಆ ಪಟ್ಟಿಯೊಳಗೇ ಬರುತ್ತವೆ. ಆ ಪುಟ ತಿರುವಿದವರು ಕಡಿಮೆ.

ಮೊದಲ ಕೂಗು, ಮೊದಲ ಟರ್ಬೊ

ಹೀಗೆ ಓಡುತ್ತಿರುವಾಗ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸೈಲೆನ್ಸರಿನಿಂದ ನೀಲಿ ಹೊಗೆ ಬರತೊಡಗಿತು. ಆಮೇಲೆ ಪಿಕಪ್ ತಗ್ಗಿತು. ಕೊನೆಗೆ ಆಕ್ಸಿಲರೇಟರ್ ಒತ್ತಿದರೆ ದೂರದ ಸೈರನ್ ಥರ ಒಂದು ಸಣ್ಣ ಕೂಗು. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಕೆಳಗಿನ ಗೆರೆಗೆ ಇಳಿದಿತ್ತು. ಗ್ಯಾರೇಜಿನವರು ‘ಟರ್ಬೊ ಹೋಗಿದೆ’ ಅಂದರು. ಅದು ನಿಜವೇ. ಹೊಸ ಟರ್ಬೊ ತರಿಸಿ ಕೂರಿಸಿದರು, ಅದೇ ಡ್ರಮ್ಮಿನಿಂದ ಆಯಿಲ್ ತುಂಬಿದರು. ಕೂಗು ನಿಂತಿತು. ಎಲ್ಲರಿಗೂ ಸಮಾಧಾನ.

ಟರ್ಬೊ ತಾನಾಗಿ ಸವೆದು ಸಾಯುವುದು ಅಪರೂಪ. ಸಾಮಾನ್ಯವಾಗಿ ಆಯಿಲ್ ಸಿಗದೆ ಸಾಯುತ್ತದೆ, ಇಲ್ಲವೇ ಕೊಳೆ ಆಯಿಲ್ ಕುಡಿದು ಸಾಯುತ್ತದೆ, ಇಲ್ಲವೇ ಏರ್ ಫಿಲ್ಟರ್ ದಾಟಿ ಒಳಗೆ ಬಂದ ಕಸ ತಾಗಿ ಸಾಯುತ್ತದೆ. ಆ ಮೂರರಲ್ಲಿ ಇದು ಯಾವುದು ಅಂತ ಆವತ್ತು ಯಾರೂ ಕೇಳಲಿಲ್ಲ. ಇಡೀ ಪ್ರಕರಣ ದಾರಿ ತಪ್ಪಿದ್ದು ಅಲ್ಲೇ ಅನ್ನುವುದು ನನ್ನ ಅಭಿಪ್ರಾಯ. ಆಯಿಲ್ ಬದಲಿಸಿದ್ದಕ್ಕಿಂತ ಇದು ದೊಡ್ಡ ಲೋಪ.

ಸತ್ತ ಟರ್ಬೊ ಹೇಳಿದ್ದು

ಕಾರು ನಮ್ಮಲ್ಲಿಗೆ ಬಂದಾಗ ಮಾಲೀಕರು ತುಂಬಾ ಬೇಸರದಲ್ಲಿದ್ದರು. ಹೊಸ ಟರ್ಬೊ ಡೂಪ್ಲಿಕೇಟ್ ಅಂತ ಅವರ ಅನುಮಾನ. ಬಿಲ್ಲು, ಪೆಟ್ಟಿಗೆಯ ಮೇಲಿನ ನಂಬರು ಎರಡೂ ತಾಳೆಯಾದವು. ಅದು ಅಸಲಿ ಮಾಲೇ.

ಹಾಗಾಗಿ ಟರ್ಬೊ ಮುಟ್ಟುವ ಮೊದಲು ಉಳಿದದ್ದನ್ನೆಲ್ಲ ನೋಡೋಣ ಅಂತ ತೀರ್ಮಾನಿಸಿದೆವು. ಹಳೆಯ ಟರ್ಬೊ ಎಲ್ಲಿದೆ ಅಂತಲೂ ಕೇಳಿದೆವು. ಅದೃಷ್ಟಕ್ಕೆ ಗ್ಯಾರೇಜಿನವರು ಗುಜರಿಗೆ ಹಾಕಿರಲಿಲ್ಲ, ಕೇಳಿದ ಕೂಡಲೇ ಕೊಟ್ಟು ಕಳಿಸಿದರು. ಅದನ್ನು ಬಿಚ್ಚಿದಾಗ ಅರ್ಧ ಉತ್ತರ ಸಿಕ್ಕಿತು. ಶಾಫ್ಟಿನಲ್ಲಿ ಬೇರಿಂಗ್ ಕೂರುವ ಜಾಗ ನೀಲಿಗಟ್ಟಿತ್ತು. ಉಕ್ಕು ಅತಿಯಾಗಿ ಕಾದಾಗ ಬರುವ ಬಣ್ಣ ಅದು. ಕೊಳೆ ಆಯಿಲ್‌ನಿಂದ ಸತ್ತಿದ್ದರೆ ಸುತ್ತಲೂ ಗೀರುಗಳು ಜಾಸ್ತಿ ಇರುತ್ತಿದ್ದವು. ಇಲ್ಲಿ ಗೀರಿಗಿಂತ ಸುಟ್ಟ ಗುರುತೇ ಜಾಸ್ತಿ. ಕಂಪ್ರೆಸರ್ ಚಕ್ರದ ರೆಕ್ಕೆಗಳ ಅಂಚಿನಲ್ಲಿ ಕಲ್ಲು, ಕಸ ಬಡಿದ ಗುರುತು ಇರಲಿಲ್ಲ. ಅಂದರೆ ಟರ್ಬೊಗೆ ಆಯಿಲ್ ಸಾಕಷ್ಟು ತಲುಪುತ್ತಿರಲಿಲ್ಲ.

ಆಯಿಲ್ ಪಂಪ್ ದುರ್ಬಲವೋ, ದಾರಿ ಕಟ್ಟಿದೆಯೋ? ಎಂಜಿನ್ ಬಿಸಿ ಮಾಡಿ, ಮೆಕ್ಯಾನಿಕಲ್ ಗೇಜ್ ಹಾಕಿ ಒತ್ತಡ ಅಳೆದೆವು. ಕಂಪನಿ ಹೇಳಿದ ಮಟ್ಟದಲ್ಲೇ ಇತ್ತು. ಪಂಪ್ ಸರಿಯಿದೆ. ಉಳಿದದ್ದು ಎಂಜಿನ್ ಬ್ಲಾಕಿನಿಂದ ಟರ್ಬೊಗೆ ಹೋಗುವ ಸಣ್ಣ ಉಕ್ಕಿನ ಫೀಡ್ ಪೈಪ್. ಕಿರುಬೆರಳಿಗಿಂತ ತೆಳು, ಬಿಸಿ ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಪಕ್ಕದಲ್ಲೇ ಬಾಗಿ ಹೋಗುತ್ತದೆ. ಟರ್ಬೊ ಕಡೆಯ ತುದಿ ಬಿಚ್ಚಿ, ಕೆಳಗೆ ಒಂದು ಡಬ್ಬಿ ಹಿಡಿದು, ಎಂಜಿನ್ ಸ್ಟಾರ್ಟ್ ಆಗದಂತೆ ಮಾಡಿ ಬರೀ ಸ್ಟಾರ್ಟರ್ ತಿರುಗಿಸಿದೆವು. ಧಾರೆಯಾಗಿ ಸುರಿಯಬೇಕಿದ್ದ ಆಯಿಲ್ ತೊಟ್ಟು ತೊಟ್ಟಾಗಿ ಬಿತ್ತು. ಹೊಸ ಪೈಪ್ ತರಿಸಿ ಅದೇ ಪರೀಕ್ಷೆ ಮಾಡಿದಾಗ ನೋಡುನೋಡುತ್ತಲೇ ಡಬ್ಬಿಯ ತಳ ಮುಚ್ಚಿತು.

ಹಳೆಯ ಪೈಪನ್ನು ಉದ್ದಕ್ಕೆ ಸೀಳಿ ನೋಡಿದೆವು. ಮ್ಯಾನಿಫೋಲ್ಡಿನ ಪಕ್ಕದ ಬಾಗಿನಲ್ಲಿ, ಒಗ್ಗರಣೆ ಸೌಟಿನ ತಳದಲ್ಲಿ ಕಟ್ಟುವ ಕರಿ ಕಿಟ್ಟದ ಹಾಗೆ ಗಟ್ಟಿ ಪದರ. ಉಗುರಿನಿಂದ ಕೆರೆದರೆ ಬರಲಿಲ್ಲ, ಸ್ಕ್ರೂಡ್ರೈವರಿನಿಂದ ಕೆರೆದಾಗ ಚೂರು ಚೂರಾಗಿ ಎದ್ದಿತು. ತೂತು ಅರ್ಧಕ್ಕಿಂತ ಕಿರಿದಾಗಿತ್ತು. ಪೈಪಿನ ತುದಿ ಹಿಡಿಯುವ, ನಡುವೆ ಆಯಿಲ್ ದಾರಿ ಇರುವ ಬ್ಯಾಂಜೊ ಬೋಲ್ಟಿನ ತೂತಿನಲ್ಲೂ ಅದೇ ಕಿಟ್ಟ. ಮೊದಲನೇ ಟರ್ಬೊ ಬದಲಿಸಿದಾಗ ಈ ಪೈಪನ್ನು ಹೊರಗಡೆ ಒರೆಸಿ ಹಾಗೇ ಕೂರಿಸಿದ್ದರು. ಹೊಸ ಟರ್ಬೊಗೂ ಹಳೆಯದರ ಗತಿಯೇ ಆಯಿತು.

ಇನ್ನೊಂದು ಸಂಗತಿಯೂ ಸಿಕ್ಕಿತು. ಟರ್ಬೊದಿಂದ ಆಯಿಲ್ ವಾಪಸ್ ಸಂಪ್‌ಗೆ ಇಳಿಯುವ ರಿಟರ್ನ್ ಪೈಪಿನಲ್ಲಿ ಗ್ಯಾಸ್ಕೆಟ್ ಜಾಗಕ್ಕೆ ಸಿಲಿಕಾನ್ ಪೇಸ್ಟ್ ಹಚ್ಚಿದ್ದರು. ಅದು ಒಳಕ್ಕೆ ಉಬ್ಬಿ ಅರ್ಧ ದಾರಿ ಮುಚ್ಚಿತ್ತು. ಈ ಪೈಪಿಗೆ ಪಂಪಿನ ಒತ್ತಡ ಇರುವುದಿಲ್ಲ, ಆಯಿಲ್ ತನ್ನ ಭಾರಕ್ಕೇ ಇಳಿಯಬೇಕು. ದಾರಿ ಇಕ್ಕಟ್ಟಾದರೆ ಆಯಿಲ್ ಟರ್ಬೊದಲ್ಲೇ ನಿಂತು, ಸೀಲ್ ದಾಟಿ ಗಾಳಿಯ ದಾರಿಗೆ ನುಗ್ಗುತ್ತದೆ. ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಬಿಚ್ಚಿ ಬಗ್ಗಿಸಿದಾಗ ಒಂದು ಲೋಟದಷ್ಟು ಆಯಿಲ್ ಸುರಿಯಿತು. ತೆಳುವಾದ ಜಿಡ್ಡು ಅಲ್ಲಿ ಇರುವುದು ಮಾಮೂಲು, ಲೋಟಗಟ್ಟಲೆ ಅಲ್ಲ. ಈ ಪೇಸ್ಟ್ ಅಭ್ಯಾಸವನ್ನು ದಯವಿಟ್ಟು ಬಿಡಬೇಕು. ಟರ್ಬೊದ ಆಯಿಲ್ ದಾರಿಯಲ್ಲಿ ಪೇಸ್ಟ್ ಬಳಸಲೇಬಾರದು.

ಲ್ಯಾಬ್ ವರದಿ

ಆಯಿಲ್ ಸ್ಯಾಂಪಲನ್ನು ಲ್ಯಾಬಿಗೆ ಕಳಿಸಿದ್ದು ಮಾಲೀಕರ ಒತ್ತಾಯಕ್ಕೆ. ‘ಗಟ್ಟಿ ಆಯಿಲ್ ಹಾಕಿಯೂ ಹೀಗ್ಯಾಕಾಯ್ತು’ ಅನ್ನುವ ಅವರ ಪ್ರಶ್ನೆ ನ್ಯಾಯವಾದದ್ದೇ.

40 ದರ್ಜೆಯ ಆಯಿಲ್ 100 ಡಿಗ್ರಿ ಬಿಸಿಯಲ್ಲಿ 12.5ರಿಂದ 16.3 ಸೆಂಟಿಸ್ಟೋಕ್ಸ್ (ಗಟ್ಟಿತನದ ಅಳತೆ) ನಡುವೆ ಇರಬೇಕು. 30 ದರ್ಜೆಯದು 9.3ರಿಂದ 12.5. ಈ ಕಾರಿನ 15ಡಬ್ಲ್ಯೂ-40 ಆಯಿಲ್ ಲ್ಯಾಬಿನಲ್ಲಿ ತೋರಿಸಿದ್ದು 11ರ ಆಸುಪಾಸು. ಅಂದರೆ ಗಟ್ಟಿ ಅಂತ ಹಾಕಿದ ಆಯಿಲ್, ಪೆಟ್ರೋಲ್ ಬೆರೆತು 30ರ ಮಟ್ಟಕ್ಕೇ ಇಳಿದಿತ್ತು! ಮೂಗಿಗೆ ಹಿಡಿದರೆ ಡಿಪ್‌ಸ್ಟಿಕ್ಕಿನಲ್ಲಿ ಪೆಟ್ರೋಲ್ ವಾಸನೆ ಕೂಡ ಇತ್ತು. ವರದಿಯಲ್ಲಿ ತಾಮ್ರದ ಅಂಶವೂ ಏರಿತ್ತು. ಟರ್ಬೊ ಬೇರಿಂಗುಗಳಲ್ಲಿ ತಾಮ್ರದ ಮಿಶ್ರಲೋಹ ಇರುವುದರಿಂದ ಅದು ನಮ್ಮ ಅನುಮಾನಕ್ಕೆ ಹೊಂದಿಕೊಂಡಿತು.

ಇಲ್ಲಿ ಒಂದು ಮಾತು ಸರಿಯಾಗಿ ಹೇಳಬೇಕು. 15ಡಬ್ಲ್ಯೂ ಆಯಿಲ್ ನಮ್ಮ ಮಲೆನಾಡಿನ ಚಳಿಗೆ ಹೆಪ್ಪುಗಟ್ಟುವುದಿಲ್ಲ. ಬೆಳಿಗ್ಗೆ 5ಡಬ್ಲ್ಯೂಗಿಂತ ಸ್ವಲ್ಪ ನಿಧಾನಕ್ಕೆ ಹರಿಯುತ್ತದೆ, ಅಷ್ಟೇ. ಟರ್ಬೊ ಸತ್ತಿದ್ದು ಬರೀ ಆ ನಂಬರಿನಿಂದ ಅಂತ ನಾನು ಹೇಳಲಾರೆ. ದೊಡ್ಡ ಕಾರಣ ಬೇರೆ ಇವೆ. ಆ ಆಯಿಲ್ ಬಿಸಿಗೆ ಬೇಗ ಕೆಟ್ಟು ಕಿಟ್ಟ ಕಟ್ಟುವ ಸ್ವಭಾವದ್ದು, ಒಳ್ಳೆಯ ಸಿಂಥೆಟಿಕ್ ಆಯಿಲ್ ಆ ಬಿಸಿಯನ್ನು ಜಾಸ್ತಿ ಹೊತ್ತು ತಡೆದುಕೊಳ್ಳುತ್ತದೆ. ಅದನ್ನು ಒಂದೂವರೆ ವರ್ಷ ಬಿಟ್ಟಿದ್ದರು. ಘಾಟಿ ಹತ್ತಿದ ಕೂಡಲೇ ಎಂಜಿನ್ ನಿಲ್ಲಿಸಿದಾಗ ಪೈಪಿನಲ್ಲಿ ನಿಂತ ಆಯಿಲ್ ಪಕ್ಕದ ಮ್ಯಾನಿಫೋಲ್ಡಿನ ಬಿಸಿಗೆ ಬೆಂದು ಕಿಟ್ಟವಾಗುತ್ತಿತ್ತು. ಟರ್ಬೊಗೆ ನೀರಿನ ತಂಪು ಇತ್ತು. ಆ ಪೈಪಿಗೆ ಇರಲಿಲ್ಲ.

ಸಿಐ-4 ಆಯಿಲ್‌ಗೆ ಈ ಕಾರಿನಲ್ಲಿ ಇನ್ನೊಂದು ತಕರಾರಿದೆ. ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್ನುಗಳಲ್ಲಿ ಕಡಿಮೆ ಆರ್‌ಪಿಎಂ, ಜಾಸ್ತಿ ಭಾರ ಇರುವಾಗ ಸ್ಪಾರ್ಕ್ ಬರುವ ಮುನ್ನವೇ ಪೆಟ್ರೋಲ್ ಹೊತ್ತಿಕೊಳ್ಳುವ ತೊಂದರೆ ಇದೆ. ‘ಟಕ್’ ಅಂತ ಸುತ್ತಿಗೆ ಬಡಿದ ಸದ್ದು. ಜೋರಾದರೆ ಪಿಸ್ಟನ್ನೇ ಒಡೆಯುತ್ತದೆ. ಆಯಿಲ್‌ನಲ್ಲಿ ಕೊಳೆ ತೊಳೆಯಲು ಬೆರೆಸುವ ಕ್ಯಾಲ್ಸಿಯಂ ಡಿಟರ್ಜೆಂಟ್ ಜಾಸ್ತಿ ಇದ್ದರೆ ಇದು ಹೆಚ್ಚುತ್ತದೆ ಅಂತ ಗೊತ್ತಾದ ಮೇಲೆ 2018ರಲ್ಲಿ ಎಸ್ಎನ್ ಪ್ಲಸ್, 2020ರಲ್ಲಿ ಎಸ್‌ಪಿ ದರ್ಜೆ ಬಂದವು. ಎಸ್‌ಪಿ ಆಯಿಲ್ ಈ ತೊಂದರೆಯ ಪರೀಕ್ಷೆ ಪಾಸಾಗಲೇಬೇಕು, ಜೊತೆಗೆ ಟೈಮಿಂಗ್ ಚೈನ್ ಸವೆತದ ಪರೀಕ್ಷೆಯೂ ಇದೆ. ಲಾರಿ ಆಯಿಲ್‌ಗೆ ಇವೆರಡೂ ಪರೀಕ್ಷೆ ಇಲ್ಲ. ನಮ್ಮ ಮಾಲೀಕರು ಘಾಟಿಯಲ್ಲಿ ಐದನೇ ಗೇರಿನಲ್ಲೇ ಎಳೆಯುವಾಗ ಒಮ್ಮೊಮ್ಮೆ ‘ಟಕ್’ ಕೇಳಿಸುತ್ತಿತ್ತು ಅಂದಾಗ ನಮಗೆ ಎದೆ ಧಸಕ್ಕೆಂದಿತು. ಎಂಡೋಸ್ಕೋಪ್ ಹಾಕಿ ಮೂರೂ ಪಿಸ್ಟನ್ ನೋಡಿದೆವು. ಪುಣ್ಯಕ್ಕೆ ಒಡೆದಿರಲಿಲ್ಲ.

ಫ್ಲಶ್ ಹಾಕಬೇಕೇ, ಬೇಡವೇ

ವರ್ಕ್‌ಶಾಪಿನಲ್ಲಿ ಜಾಸ್ತಿ ಚರ್ಚೆಯಾದದ್ದು ಇದರ ಬಗ್ಗೆ. ಆಯಿಲ್ ತುಂಬುವ ಮುಚ್ಚಳ ತೆಗೆದರೆ ಒಳಗೆಲ್ಲ ಕಂದು ಜಿಡ್ಡು. ಫ್ಲಶ್ (ಎಂಜಿನ್ ಒಳಗೆ ತೊಳೆಯುವ ದ್ರವ) ಹಾಕಿ ಹತ್ತು ನಿಮಿಷ ಓಡಿಸಿ ಇಳಿಸಿದರೆ ಎಲ್ಲ ತೊಳೆದು ಹೋಗುತ್ತದೆ ಅನ್ನುವುದು ಒಬ್ಬರ ವಾದ. ಮಾಲೀಕರಿಗೂ ಅದೇ ಬೇಕಿತ್ತು, ಖರ್ಚು ಕಡಿಮೆ.

ನಾನು ಬೇಡ ಅಂದೆ. ಇಷ್ಟು ಕಿಟ್ಟ ಕಟ್ಟಿದ ಎಂಜಿನ್ನಿನಲ್ಲಿ ಫ್ಲಶ್ ಅದನ್ನು ಪೂರ್ತಿ ಕರಗಿಸುವುದಿಲ್ಲ, ಚೂರು ಚೂರಾಗಿ ಕೀಳುತ್ತದೆ. ಆ ಚೂರು ಸಂಪ್‌ನ ಸ್ಟ್ರೈನರಿಗೆ (ಪಂಪಿನ ಬಾಯಿಯ ಜಾಲರಿ) ಹೋಗಿ ಕೂತರೆ ಇಡೀ ಎಂಜಿನ್ನಿಗೇ ಆಯಿಲ್ ಇಲ್ಲ. ಸಂಪ್ ಬಿಚ್ಚಿಯೇ ನೋಡೋಣ ಅಂತ ಒಪ್ಪಿಸಿದೆ. ಬಿಚ್ಚಿದಾಗ ಸ್ಟ್ರೈನರಿನ ಜಾಲರಿಯಲ್ಲಿ ಕಾಲು ಭಾಗ ಆಗಲೇ ಮುಚ್ಚಿತ್ತು. ಫ್ಲಶ್ ಹಾಕಿದ್ದರೆ ಉಳಿದದ್ದೂ ಮುಚ್ಚುವ ಸಾಧ್ಯತೆ ಇತ್ತು.

ಸಂಪ್, ಸ್ಟ್ರೈನರ್ ಕೈಯಿಂದ ತೊಳೆದೆವು. ಎಂಜಿನ್ ಒಳಗಿನ ಆವಿಯನ್ನು ಹೊರಗೆಳೆಯುವ ಪಿಸಿವಿ ವಾಲ್ವ್ ಬದಲಿಸಿದೆವು. ಇಂಟರ್‌ಕೂಲರ್ ತೊಳೆದು ಒಣಗಿಸಿದೆವು. ಟರ್ಬೊದಲ್ಲಿ ಹೊರಗಿನ ಕವಚ ಚೆನ್ನಾಗಿದ್ದರಿಂದ ಒಳಗಿನ ಕೋರ್ (ಶಾಫ್ಟ್, ಬೇರಿಂಗ್, ಚಕ್ರದ ಭಾಗ) ಮಾತ್ರ ಹೊಸದು. ಫೀಡ್ ಪೈಪ್, ಬ್ಯಾಂಜೊ ಬೋಲ್ಟ್, ವಾಷರುಗಳು, ರಿಟರ್ನ್ ಗ್ಯಾಸ್ಕೆಟ್ ಎಲ್ಲ ಹೊಸದು. ಟರ್ಬೊ ಬೆಲೆಯ ಮುಂದೆ ಇವೆಲ್ಲ ಚಿಲ್ಲರೆ ಕಾಸು. ಕೂರಿಸುವಾಗ ಟರ್ಬೊದ ಆಯಿಲ್ ತೂತಿಗೆ ಹೊಸ ಆಯಿಲ್ ತುಂಬಿ, ಚಕ್ರವನ್ನು ಕೈಯಿಂದ ತಿರುಗಿಸಿ, ಸ್ಟಾರ್ಟ್ ಮಾಡದೆ ಸ್ಟಾರ್ಟರ್ ಮಾತ್ರ ತಿರುಗಿಸಿ ಪೈಪ್ ತುಂಬಿಸಿದೆವು. ಆಮೇಲೇ ಸ್ಟಾರ್ಟ್, ಕೆಲ ನಿಮಿಷ ಬರೀ ಐಡಲ್. ಒಣ ಬೇರಿಂಗಿನ ಮೇಲೆ ಮೊದಲ ಕೆಲವು ಸೆಕೆಂಡಿನಲ್ಲೇ ಹೊಸ ಟರ್ಬೊ ಹಾಳಾಗಬಹುದು.

ಉಳಿದ ಜಿಡ್ಡು ತೆಗೆಯಲು ನಿಧಾನದ ದಾರಿ ಹಿಡಿದೆವು. ಕೈಪಿಡಿಯ 5ಡಬ್ಲ್ಯೂ-30 ಎಸ್‌ಪಿ ಹಾಕಿ 1,000 ಕಿ.ಮೀ.ಗೆ ಆಯಿಲ್, ಫಿಲ್ಟರ್ ಬದಲು. ಮತ್ತೆ 3,000ಕ್ಕೆ. ಆಮೇಲೆ 5,000 ಅಥವಾ ಆರು ತಿಂಗಳು.

“40 ಹಾಕಿದ್ರೆ ಸೆಕೆಗೆ ಒಳ್ಳೇದಲ್ವಾ ಸರ್?” ಅಂತ ಮಾಲೀಕರು ಮತ್ತೆ ಕೇಳಿದರು. ಹೊರಗೆ 20 ಡಿಗ್ರಿ ಇರಲಿ 38 ಇರಲಿ, ಥರ್ಮೋಸ್ಟಾಟ್ ಎಂಜಿನ್ನನ್ನು ಹೆಚ್ಚುಕಡಿಮೆ ಒಂದೇ ಬಿಸಿಯಲ್ಲಿ ಇಡುತ್ತದೆ. ಕೈಪಿಡಿಯೇ 5ಡಬ್ಲ್ಯೂ-40 ಒಪ್ಪುತ್ತದೆ ಅಂದರೆ, ಘಾಟಿ ಓಡಾಟ ಜಾಸ್ತಿ ಇರುವವರು ಅದನ್ನು ಹಾಕಬಹುದು. ಇವರ ಕೈಪಿಡಿಯಲ್ಲಿ ಅದು ಇರಲಿಲ್ಲ, ಹಾಗಾಗಿ ಹಾಕಲಿಲ್ಲ. ಡಬ್ಬಿಯ ಮುಂಭಾಗದ ದೊಡ್ಡ ಅಕ್ಷರ ಬಿಟ್ಟು ಹಿಂಭಾಗದ ಸಣ್ಣ ಅಕ್ಷರದ ದರ್ಜೆ ಓದುವುದನ್ನು ಅವರಿಗೆ ತೋರಿಸಿಕೊಟ್ಟೆವು. ಸೀಲ್ ಮಾಡಿದ ಡಬ್ಬಿ ಕಣ್ಣೆದುರೇ ಒಡೆಸಬೇಕು, ಖಾಲಿ ಡಬ್ಬಿಗೆ ತೂತು ಹಾಕಿಸಬೇಕು. ನಕಲಿ ಆಯಿಲ್ ತುಂಬುವವರಿಗೆ ಬೇಕಾದದ್ದು ಆ ಖಾಲಿ ಡಬ್ಬಿಯೇ.

ಏನಾಯಿತು

ವರ್ಷ ದಾಟಿದೆ. ಟರ್ಬೊ ಕೂಗಿಲ್ಲ, ನೀಲಿ ಹೊಗೆ ಇಲ್ಲ. ಆದರೆ ಎಲ್ಲವೂ ಹೊಸದರಂತೆ ಆಗಿಲ್ಲ. ಎರಡು ಸರ್ವಿಸ್ ನಡುವೆ ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಇನ್ನೂ ಸ್ವಲ್ಪ ಇಳಿಯುತ್ತದೆ. ಪಿಸ್ಟನ್ನಿನ ಆಯಿಲ್ ರಿಂಗುಗಳಲ್ಲಿ ಕಿಟ್ಟ ಕೂತಿರಬೇಕು ಅನ್ನುವುದು ನನ್ನ ಅಂದಾಜು. ಎಂಜಿನ್ ಬಿಚ್ಚುವಷ್ಟು ತೊಂದರೆ ಇಲ್ಲ. ಎರಡು ವಾರಕ್ಕೊಮ್ಮೆ ನೋಡಿ, ಡೈರಿಯಲ್ಲಿ ಬರೆದಿಡಿ ಅಂದಿದ್ದೇವೆ. ಅವರು ತಪ್ಪದೆ ಬರೆಯುತ್ತಾರೆ.

ಓಡಿಸುವ ರೀತಿಯಲ್ಲಿ ಬದಲಾದದ್ದು ಸ್ವಲ್ಪವೇ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೇಲೆ ಮೊದಲ ಒಂದೆರಡು ಕಿ.ಮೀ. ಆಕ್ಸಿಲರೇಟರ್ ಮೆಲ್ಲಗೆ. ಘಾಟಿಯಲ್ಲಿ ಮೂರನೇ ಗೇರು, ಎಂಜಿನ್ ಏದುಸಿರು ಬಿಡದ ಹಾಗೆ. ಘಾಟಿ ಹತ್ತಿ ಕೂಡಲೇ ನಿಲ್ಲಿಸಬೇಕಾದರೆ ಒಂದೆರಡು ನಿಮಿಷ ಐಡಲ್. ಊರೊಳಗೆ ಇದು ಬೇಡ, ಮನೆ ಹತ್ತಿರದ ನಿಧಾನದ ಓಡಾಟದಲ್ಲೇ ಟರ್ಬೊ ತಣಿದಿರುತ್ತದೆ. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಹೈವೇಯಲ್ಲಿ ಓಡಿಸಿ, ಸೇರಿದ ಪೆಟ್ರೋಲ್ ಆವಿಯಾಗಲಿ ಅಂತಲೂ ಹೇಳಿದ್ದೇವೆ.

ಮೊದಲ ಗ್ಯಾರೇಜಿನವರಿಗೆ ಸೀಳಿದ ಪೈಪ್ ಕಳಿಸಿಕೊಟ್ಟೆವು. ಜಗಳಕ್ಕಲ್ಲ, ನೋಡಲಿ ಅಂತ. ಟರ್ಬೊ ಕಾರುಗಳಿಗೆ ಈಗ ಪೈಪ್ ಬದಲಿಸದೆ ಟರ್ಬೊ ಕೂರಿಸುವುದಿಲ್ಲ ಅಂತ ಅವರೇ ಫೋನ್ ಮಾಡಿ ಹೇಳಿದರು.

ಕಳೆದ ತಿಂಗಳು ಮಾಲೀಕರು ಮನೆಯ ಇನ್ನೊಂದು ಗಾಡಿ ತಂದಿದ್ದರು, ಬಿಎಸ್6 ಡೀಸೆಲ್. ‘ಇದಕ್ಕೂ ಅದೇ ಎಸ್‌ಪಿ ಹಾಕಿಬಿಡಿ’ ಅಂದರು. ಅದು ಆಗುವುದಿಲ್ಲ. ಆ ಗಾಡಿಯ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇದೆ. ಆಯಿಲ್ ಸುಟ್ಟಾಗ ಉಳಿಯುವ ಬೂದಿ ಅದರಲ್ಲಿ ಕೂತರೆ ಮತ್ತೆ ಹೋಗುವುದಿಲ್ಲ. ಹಾಗಾಗಿ ಬೂದಿ ಕಡಿಮೆ ಇರುವ ಎಸಿಇಎ (ಯುರೋಪಿನ ವಾಹನ ತಯಾರಕರ ಸಂಘ) ಸಿ3 ದರ್ಜೆ ಬೇಕು, ಅವರ ಕೈಪಿಡಿಯಲ್ಲೂ ಅದೇ ಇತ್ತು. ಡಿಪ್‌ಸ್ಟಿಕ್ ತೆಗೆದು ನೋಡಿದರೆ ಆಯಿಲ್ ಮೇಲಿನ ಗೆರೆ ದಾಟಿ ನಿಂತಿತ್ತು. ಊರೊಳಗಿನ ಸಣ್ಣ ಓಡಾಟದಲ್ಲಿ ಫಿಲ್ಟರ್ ಮಸಿ ಸುಡುವ ಕೆಲಸ ಅರ್ಧಕ್ಕೇ ನಿಂತು, ಅದಕ್ಕೆಂದು ಸುರಿದ ಡೀಸೆಲ್ ಸಂಪ್‌ಗೆ ಇಳಿದಿತ್ತು. ಕಿ.ಮೀ. ನೋಡದೆ ಅವತ್ತೇ ಆಯಿಲ್ ಇಳಿಸಿದೆವು.